ಸಂಡೂರು ಪದರಶಿಲಾ ಪಟ್ಟಿಯ ಅಂಚಿನಲ್ಲಿ ಘರ್ಷಣೆ ಮತ್ತು ಜಾರಿಕೆ: ಬಳ್ಳಾರಿ ಸೀಮೆಯ ಭೂಕಂಪ ವಿಚಾರ

ದಖನ್ನಿನ ಪುರಾತನ ಶಿಲಾಪೀಠವು ಅಚಲವೆಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ರೂಢಮೂಲವಾಗಿದ್ದರೂ, 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯನ್ನು ನಡುಗಿಸಿದ ಭೂಕಂಪವೂ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕರ್ನಾಟಕದ ಗಡಿಯಾಚೆಯ ಕಿಲ್ಲಾರಿಯನ್ನು ನೆಲಸಮಗೊಳಿಸಿದ 6.2 ಪರಿಮಾಣದ ಭೂಕಂಪವೂ ಆ ನಂಬಿಕೆಯ ದೌರ್ಬಲ್ಯವನ್ನು ತೋರಿಸಿಕೊಟ್ಟಿವೆ. ಈ ನೆಲದ ದೀರ್ಘಮೌನವು ಅದರೊಳಗೆ ಬಲವು ಅತಿ ಮಂದಗತಿಯಲ್ಲಿ ಸಂಚಯವಾಗುತ್ತಿರುವುದರ ಸೂಚನೆಯೇ ಹೊರತು ಅದರ ದೃಢತೆಗೆ ಪ್ರಮಾಣವಲ್ಲ. ದೃಢತೆಯನ್ನು ಸ್ತರಭಂಗದ ತಲದಲ್ಲಿರುವ ಖನಿಜಗಳ ಘರ್ಷಣಾಗುಣದಿಂದಲೇ ನಿರ್ಣಯಿಸತಕ್ಕದ್ದೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಸಂಡೂರಿನ ನೈಋತ್ಯಕ್ಕಿರುವ ಯಶವಂತನಗರವು ಈ ವಿಚಾರಕ್ಕೆ ಯೋಗ್ಯವಾದ ನೆಲೆ. ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂವೃತ್ತಾಂತದಲ್ಲಿ ವರ್ಣಿತವಾದ ಸಂಡೂರು ಪದರಶಿಲಾ ಪಟ್ಟಿಯ ಒಂದು ಶಿಲಾಸಮೂಹಕ್ಕೆ ಅನಂತರದ ಭೂವಿಜ್ಞಾನಿಗಳು ಈ ಊರ ಹೆಸರನ್ನೇ ಇಟ್ಟಿದ್ದಾರೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಲಾವಾರೂಪದಲ್ಲಿ ಹರಿದು, ಬಳಿಕ ಶಾಖ ಒತ್ತಡಗಳಿಂದ ರೂಪಾಂತರ ಹೊಂದಿದ ಇಂಥ ಶಿಲೆಗಳಲ್ಲಿ ಹಸುರು ಕ್ಲೋರೈಟ್ ಹೇರಳವಾಗಿರುತ್ತದೆ. ಮೆಗ್ನೀಸಿಯಮ್ ಅಧಿಕವಾಗಿರುವಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಹುಟ್ಟುತ್ತದೆ. ಪಟ್ಟಿಯನ್ನು ದಾಟಿ ಹೊಸಪೇಟೆ, ಹಂಪೆ, ಕಂಪ್ಲಿಗಳತ್ತ ಸಾಗಿದರೆ ಗ್ರಾನೈಟಿನ ಪ್ರದೇಶ. ಹಂಪೆಯ ಬಂಡೆರಾಶಿಗಳನ್ನು ಭೂಕಂಪದ ಭಗ್ನಾವಶೇಷವೆಂದು ಭಾವಿಸಲಾಗದು. ಜಾರಿಕೆಯಿಲ್ಲದೆ ತೆರೆದ ಸೀಳುಗಳಲ್ಲಿ ನೀರಿಳಿದು ಶಿಲೆಯು ಶಿಥಿಲವಾದುದರ ಫಲ ಅವು. ಎರಡು ಪಾರ್ಶ್ವಗಳು ಪರಸ್ಪರ ಸರಿದು, ಒರೆಸಿದ ಗೆರೆಗಳನ್ನು ಮೈಮೇಲೆ ಉಳಿಸಿಕೊಂಡಿರುವ ತಲವೇ ನಿಜವಾದ ಸ್ತರಭಂಗ.

ಅಂಥ ತಲವು ಚಲಿಸುವ ಬಗೆಯನ್ನು 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಪ್ರಯೋಗಶಾಲೆಯಲ್ಲಿ ಕಂಡುಕೊಂಡರು: ಒತ್ತಿ ಹಿಡಿದ ಶಿಲಾತಲಗಳು ಒಂದೇ ಸಮನೆ ಸರಿಯದೆ, ಅಂಟಿ ನಿಂತು, ಬಲವು ಮಿತಿಮೀರಿದೊಡನೆ ಥಟ್ಟನೆ ಜಾರಿದವು. 1978ರಲ್ಲಿ ಬೈಯರ್ಲಿ ಬಹುವಿಧ ಶಿಲೆಗಳ ಮಾಪನಗಳನ್ನು ಕ್ರೋಡೀಕರಿಸಿ, ಘರ್ಷಣಾಂಕವು, ಎಂದರೆ ತಲವನ್ನು ಒತ್ತುವ ಬಲಕ್ಕೂ ಜಾರಿಕೆಯನ್ನು ತಡೆಯುವ ಬಲಕ್ಕೂ ಇರುವ ಅನುಪಾತವು, ಸಾಮಾನ್ಯವಾಗಿ 0.6ರಿಂದ 0.85ರ ನಡುವೆ ಇರುವುದೆಂದು ತೋರಿಸಿದರು. ಆದರೆ ಒದ್ದೆಯಾದ ಟಾಲ್ಕಿನಲ್ಲಿ ಅದು ಸುಮಾರು 0.2ಕ್ಕೂ, ಕ್ಲೋರೈಟಿನಲ್ಲಿ 0.3ರ ಆಸುಪಾಸಿಗೂ ಇಳಿಯುತ್ತದೆ.

ಈ ವ್ಯತ್ಯಾಸದ ಮಹತ್ತ್ವವು ಸರಳ ಗಣಿತದಿಂದ ಸ್ಪಷ್ಟವಾಗುತ್ತದೆ. 5 ಕಿಲೋಮೀಟರ್ ಆಳದಲ್ಲಿ ಮೇಲಿನ ಶಿಲೆಯ ಭಾರದಿಂದ ಉಂಟಾಗುವ ಒತ್ತಡ ಸುಮಾರು 130 ಮೆಗಾಪ್ಯಾಸ್ಕಲ್. ತಲವನ್ನು ಒತ್ತುವ ಬಲವು ಇಷ್ಟೇ ಎಂದು ಭಾವಿಸಿದರೆ, ಒಣ ಗ್ರಾನೈಟ್ ತಲವು 0.6 ಘರ್ಷಣಾಂಕದಲ್ಲಿ 78 ಮೆಗಾಪ್ಯಾಸ್ಕಲ್ ಬಲವನ್ನು ತಡೆಯಬಲ್ಲದು. ಸೀಳುಗಳಲ್ಲಿ ತುಂಬಿದ ನೀರು ಸುಮಾರು 50 ಮೆಗಾಪ್ಯಾಸ್ಕಲ್ ಒತ್ತಡದಿಂದ ತಲಗಳನ್ನು ಬೇರ್ಪಡಿಸಲೆಳಸಿದಾಗ ತಡೆಯು 48ಕ್ಕೆ ಕುಗ್ಗುತ್ತದೆ. ಅದೇ ಸ್ಥಿತಿಯಲ್ಲಿ ಟಾಲ್ಕಿನ ತಡೆ 16 ಮಾತ್ರ. 1967ರ ಡಿಸೆಂಬರಿನ ಕೊಯ್ನಾ ಭೂಕಂಪಕ್ಕೂ ಅಲ್ಲಿನ ಜಲಾಶಯಕ್ಕೂ ವಿದ್ವಾಂಸರು ಸಂಬಂಧ ಕಲ್ಪಿಸಿರುವುದು ನೀರಿನ ಒತ್ತಡವು ತಡೆಯನ್ನು ಕುಗ್ಗಿಸುವ ಈ ತತ್ತ್ವದ ಬಲದಿಂದಲೇ. 1953ರಲ್ಲಿ ನೀರು ತುಂಬತೊಡಗಿದ ತುಂಗಭದ್ರಾ ಜಲಾಶಯದ ಬಳಿ ಅಂಥ ಭೂಕಂಪ ಸಂಭವಿಸಲಿಲ್ಲ. ತಲವು ಮೊದಲೇ ತನ್ನ ಮಿತಿಯ ಸಮೀಪಕ್ಕೆ ಬಂದಿರದಿದ್ದರೆ ನೀರೊಂದೇ ಅದನ್ನು ಜಾರಿಸಲಾರದು.

ಘರ್ಷಣಾಂಕವೊಂದರಿಂದಲೇ ಭೂಕಂಪದ ಸಾಧ್ಯತೆಯನ್ನು ಹೇಳಲಾಗದೆಂಬುದು 1979ರಲ್ಲಿ ಡೀಟೆರಿಕ್, 1983ರಲ್ಲಿ ರುಯಿನಾ ರೂಪಿಸಿದ ನಿಯಮಗಳಿಂದ ವ್ಯಕ್ತವಾಯಿತು. ನಿಶ್ಚಲವಾಗಿ ನಿಂತಷ್ಟೂ ತಲಗಳ ಸೂಕ್ಷ್ಮ ಸ್ಪರ್ಶಬಿಂದುಗಳು ಬಲಿಯುತ್ತವೆ. ಹೀಗೆ ಶತಮಾನಗಳ ವಿಶ್ರಾಂತಿಯೇ ತಲವನ್ನು ಹೆಚ್ಚು ಬಿಗಿಗೊಳಿಸುತ್ತದೆ. ಭೂಕಂಪಗಳು ಹುಟ್ಟುವ ಆಳದ ಶಾಖದಲ್ಲಿ ಗ್ರಾನೈಟಿನ ಘರ್ಷಣೆಯು ವೇಗ ಹೆಚ್ಚಿದಂತೆ ಕುಗ್ಗುವುದರಿಂದ ಅಲ್ಲಿ ಜಾರಿಕೆಯು ತನ್ನನ್ನು ತಾನೇ ಉದ್ದೀಪಿಸಿಕೊಳ್ಳುತ್ತದೆ. ಟಾಲ್ಕಿನಲ್ಲಿ ವೇಗದೊಡನೆ ಘರ್ಷಣೆಯೂ ಏರುವುದರಿಂದ ತಲವು ಸದ್ದಿಲ್ಲದೆ ತೆವಳುತ್ತದೆ.

ಹಾಗಾದರೆ ಟಾಲ್ಕ್, ಕ್ಲೋರೈಟುಗಳಿಂದ ಬಲಹೀನವಾದ ಪದರಶಿಲೆಯೇ ಸುರಕ್ಷಿತವೆಂದು ತೀರ್ಮಾನಿಸುವುದು ಅವಸರವಾದೀತು. ಜಾರಿಕೆಯ ವೇಗವು ಸೆಕೆಂಡಿಗೆ 1 ಮೀಟರನ್ನು ಸಮೀಪಿಸಿದಾಗ ಶಿಲೆಗಳ ಗುಣಭೇದ ಬಹುಮಟ್ಟಿಗೆ ಅಳಿಸಿಹೋಗಿ, ಬಹುತೇಕ ಎಲ್ಲವುಗಳ ಘರ್ಷಣಾಂಕವೂ 0.1ರಿಂದ 0.3ರ ಮಟ್ಟಕ್ಕೆ ಕುಸಿಯುವುದನ್ನು ಅತಿವೇಗದ ಆವರ್ತನ ಯಂತ್ರಗಳು ತೋರಿಸಿವೆ. ಇದಕ್ಕೆ ಕಾರಣ ಶಾಖ. 50 ಮೆಗಾಪ್ಯಾಸ್ಕಲ್ ತಡೆಯ ವಿರುದ್ಧ 1 ಮೀಟರ್ ಜಾರಿದರೆ ಪ್ರತಿ ಚದರ ಮೀಟರಿಗೆ 5 ಕೋಟಿ ಜೌಲ್ ಶಕ್ತಿ ಉತ್ಪನ್ನವಾಗುತ್ತದೆ. ಅದು ಕೆಲವೇ ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಉಳಿದರೆ ಶಿಲೆಯೇ ಕರಗಿ, ಆರಿದ ಮೇಲೆ ಸ್ಯೂಡೊಟ್ಯಾಕಿಲೈಟ್ ಎಂಬ ಕಪ್ಪು ಎಳೆಯಾಗಿ ನಿಲ್ಲುತ್ತದೆ. ನೀರಿದ್ದಲ್ಲಿ ಆ ನೀರೇ ಕಾದು ಹಿಗ್ಗಿ ತಲಗಳನ್ನು ಬಿಡಿಸುತ್ತದೆ. ಆದುದರಿಂದ ತಾನಾಗಿ ಕಂಪವನ್ನು ಹುಟ್ಟಿಸಲಾರದ ಪದರಶಿಲಾತಲವೂ, ನೆರೆಯ ಗ್ರಾನೈಟಿನಲ್ಲಿ ಹುಟ್ಟಿ ವೇಗ ಪಡೆದು ಬಂದ ಒಡಕಿಗೆ ಮಾರ್ಗವಾಗಬಲ್ಲದು.

ಈ ಎರಡು ಶಿಲಾಪ್ರಕೃತಿಗಳು ಸಂಧಿಸುವ ಸಂಡೂರಿನ ಅಂಚನ್ನು ಕೇವಲ ಅದಿರಿನ ದೃಷ್ಟಿಯಿಂದ ನೋಡಿದರೆ ಸಾಲದು. ಯಶವಂತನಗರದ ಹಸುರು ಶಿಲೆಯನ್ನೂ ಹಂಪೆಯ ಗ್ರಾನೈಟನ್ನೂ ಒದ್ದೆಯಾಗಿ, ಆಳದ ಶಾಖದಲ್ಲಿ, ಮಂದ ಮತ್ತು ತೀವ್ರ ವೇಗಗಳೆರಡರಲ್ಲಿಯೂ ಪರೀಕ್ಷಿಸತಕ್ಕದ್ದು. ಸಂಧಿತಲಗಳನ್ನು ಹೆಜ್ಜೆಹೆಜ್ಜೆಗೂ ಶೋಧಿಸಿ, ಒರೆಗೆರೆಗಳನ್ನೂ ಕರಗಿದ ಶಿಲೆಯ ಎಳೆಗಳನ್ನೂ ನಕ್ಷೆಗೆ ತರತಕ್ಕದ್ದು. ಭೂಕಂಪಗಳ ಪುನರಾವೃತ್ತಿಯು ಮನುಷ್ಯಸ್ಮೃತಿಗಿಂತ ದೀರ್ಘವಾಗಿರುವ ಇಂಥ ನಾಡಿನಲ್ಲಿ ಮನೆ, ಅಣೆಕಟ್ಟು, ಗಣಿಗಳ ರಕ್ಷಣೆಗೆ ಬೇಕಾದ ಜ್ಞಾನವನ್ನು ನಾವು ಶಿಲೆಗಳಿಂದಲೇ ಸಂಪಾದಿಸಬೇಕಾಗಿದೆ.