ರಹೀಂ ಮೇಷ್ಟ್ರ ದಾಳಿಯಾಟ

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಭಾರತ ಫುಟ್‌ಬಾಲ್ ತಂಡದ ಹಿಂಬದಿಯ ಗೋಡೆ ಜರ್ನೈಲ್ ಸಿಂಗ್‌ಗೆ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಸೆಮಿಫೈನಲ್‌ನಲ್ಲಿ ಆಡಿಸುವುದೋ, ಕೂರಿಸುವುದೋ?

ತೀರ್ಮಾನಿಸಬೇಕಾದವರು ತರಬೇತುದಾರ ಸೈಯದ್ ಅಬ್ದುಲ್ ರಹೀಂ, ಹೈದರಾಬಾದಿನ ಶಾಲಾ ಮೇಷ್ಟ್ರು. 1951ರಲ್ಲಿ ದೆಹಲಿಯ ಏಷ್ಯನ್ ಕೂಟದ ಚಿನ್ನ ಗೆಲ್ಲಿಸಿದ್ದ ಅವರ ತಂಡ, ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಕ್ಕೆ 1-10ರಿಂದ ಸೋತಿತ್ತು. ಬಹುತೇಕರು ಬರಿಗಾಲಲ್ಲೇ ಆಡಿದ್ದರು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಅಂಥ ಪೆಟ್ಟು ತಿಂದವರು ರಕ್ಷಣೆಗೆ ಜೋತುಬೀಳುವುದೇ ಹೆಚ್ಚು. ರಹೀಂ ಮಾತ್ರ ಚೆಂಡನ್ನು ಕಾಲಲ್ಲೇ ಕುಣಿಸುವ ಚಾಳಿ ಬಿಡಿಸಿ, ಚುಟುಕು ಪಾಸುಗಳಲ್ಲಿ ಮುನ್ನುಗ್ಗುವುದನ್ನು ಕಲಿಸಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು.

ಜಕಾರ್ತದಲ್ಲೂ ರಹೀಂ ಮುಂದಕ್ಕೇ ಯೋಚಿಸಿದರು. ಗಾಯಾಳು ಹಿಂದೆ ಎಡವಿದರೆ ಗೋಲೇ ಹೋಯಿತು. ಮುಂದೆ ಎಡವಿದರೆ ಒಂದು ಅವಕಾಶ ಹೋಗುತ್ತದೆ, ಅಷ್ಟೆ. ಜರ್ನೈಲ್ ಸೆಂಟರ್ ಫಾರ್ವರ್ಡ್ ಆದರು. ದಕ್ಷಿಣ ವಿಯೆಟ್ನಾಂ ವಿರುದ್ಧ ಗೋಲು ಹೊಡೆದರು. ಫೈನಲ್‌ನಲ್ಲಿ ಎದುರಾದದ್ದು ಮೊದಲ ಪಂದ್ಯದಲ್ಲಿ ಭಾರತವನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು, 2-1ರಿಂದ ಚಿನ್ನ.

1963ರ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಆಮೇಲೆ ಬಂದಿಲ್ಲ.