ಕಾಲುವೆ ತೋಡಿದ ಕೈಗಳು

‘ರೈಸ್ ಬ್ಯಾಗ್’ ಅನ್ನೋ ಬೈಗುಳ ನಿಮಗೆಲ್ಲ ಗೊತ್ತೇ ಇದೆ. ದಲಿತ ಹುಡುಗನೊಬ್ಬ ಏನಾದ್ರೂ ಪ್ರಶ್ನೆ ಕೇಳಿದ್ರೆ ಸಾಕು, ಅವನು ಚರ್ಚಿಗೆ ಹೋಗ್ತಾನೋ ವಿಹಾರಕ್ಕೆ ಹೋಗ್ತಾನೋ ನೋಡೋ ತಾಳ್ಮೆ ಯಾರಿಗೂ ಇರಲ್ಲ. ಈ ಎರಡು ಪದ ಬರೆದು ಹೋಗ್ತಾರೆ. ನಿಮ್ಮಜ್ಜ ಒಂದು ಮೂಟೆ ಅಕ್ಕಿಗೆ ಧರ್ಮ ಮಾರಿಕೊಂಡ ಅನ್ನೋದು ಅದರ ಅರ್ಥ. ನಾನು ಚರ್ಚಿನವನಲ್ಲ, ಬಾಬಾಸಾಹೇಬರ ದಾರಿಯವನು. ಆದ್ರೂ ಈ ಮಾತಿಗೆ ಚರಿತ್ರೆಯಿಂದಲೇ ಉತ್ತರ ಕೊಡಬೇಕು ಅನ್ನಿಸಿದೆ. ಯಾಕಂದ್ರೆ ಅಕ್ಕಿ, ಬರ, ಪಾದ್ರಿ, ಮಾದಿಗರು ಎಲ್ಲ ಒಂದೇ ಕಡೆ ಸೇರಿದ ಒಂದು ಜಾಗ ಇದೆ. ಅಲ್ಲಿ ನಡೆದದ್ದು ಈ ಬೈಗುಳ ಹೇಳೋದಕ್ಕೆ ತದ್ವಿರುದ್ಧ.

ಆ ಜಾಗ ಆಂಧ್ರದ ಒಂಗೋಲು. ಪಾದ್ರಿಯ ಹೆಸರು ಜಾನ್ ಎವರೆಟ್ ಕ್ಲೌ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ನಿನವರು, ಹುಟ್ಟಿದ್ದು 1836ರಲ್ಲಿ. ಪಾದ್ರಿ ಆಗೋಕೆ ಮುಂಚೆ ಅಮೆರಿಕದ ಮಿನ್ನೆಸೋಟಾ ಕಡೆ ಸರ್ಕಾರಿ ಸರ್ವೆ ತಂಡದಲ್ಲಿ ಕೆಲಸ ಮಾಡಿದ್ದವರು. ಕಾಡು ಬಯಲಲ್ಲಿ ಸರಪಳಿ ಹಿಡಿದು ನೆಲ ಅಳೆಯೋದು ಗೊತ್ತಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1866ರಲ್ಲಿ ಒಂಗೋಲಿಗೆ ಬಂದರು. 1867ರ ಜನವರಿ 1ರಂದು ಅಲ್ಲಿ ಸಭೆ ಶುರುವಾದಾಗ ಇದ್ದ ಸದಸ್ಯರು ಎಂಟೇ ಜನ.

ಆದರೆ ಒಂಗೋಲಿನ ಚಳವಳಿಯನ್ನ ಕ್ಲೌ ಹುಟ್ಟುಹಾಕಿದರು ಅನ್ನೋದನ್ನ ನಾನು ಒಪ್ಪಲ್ಲ. ಅದಕ್ಕೂ ಮೊದಲು ಒಬ್ಬ ಮಾದಿಗ ಇದ್ದರು, ಯೆರ್ರಗುಂಟ್ಲ ಪೇರಯ್ಯ. ಚರ್ಮದ ವ್ಯಾಪಾರ ಅವರದು. ಅದಕ್ಕಾಗಿ ಏಲೂರಿನ ತನಕ ಓಡಾಡ್ತಿದ್ದರು. ಗುರುವಿನ ಹತ್ತಿರ ಯೋಗ ಕಲಿತು, ತಾವೇ ನಾಲ್ಕು ಜನಕ್ಕೆ ಹೇಳಿಕೊಡೋ ಮಟ್ಟಕ್ಕೆ ಬೆಳೆದಿದ್ದವರು. ಏಲೂರಲ್ಲಿ ಕ್ರೈಸ್ತ ಬೋಧನೆ ಕೇಳಿದರು, 1866ರಲ್ಲಿ ಹೆಂಡತಿ ನಾಗಮ್ಮನ ಜೊತೆ ದೀಕ್ಷಾಸ್ನಾನ ತಗೊಂಡರು. ಆಮೇಲೆ ಹಟ್ಟಿಯಿಂದ ಹಟ್ಟಿಗೆ ನಡೆದರು. ಪಾದ್ರಿಯೇನೂ ಹಟ್ಟಿಗಳನ್ನ ಹುಡುಕಿಕೊಂಡು ಹೋಗಿರಲಿಲ್ಲ. ಪೇರಯ್ಯನೇ ಅವರನ್ನ ತನ್ನ ಜನರ ನಡುವೆ ಕರೆದುಕೊಂಡು ಹೋದದ್ದು.

ಅಷ್ಟರಲ್ಲಿ ಒಂದು ಇಕ್ಕಟ್ಟು ಬಂತು. ಒಂಗೋಲಿನ ಮಿಷನ್ ಶಾಲೆಗೆ ಮೇಲ್ಜಾತಿಯ ಹುಡುಗರು ಬರ್ತಿದ್ದರು. ಮಾದಿಗರನ್ನ ಸೇರಿಸಿಕೊಂಡ ಕೂಡಲೇ ಅವರೆಲ್ಲ ಎದ್ದು ಹೋದರು. ಊರಿನ ಗಣ್ಯರು ಬೇಕಾ, ಕೇರಿಯವರು ಬೇಕಾ? ಕ್ಲೌ, ಅವರ ಹೆಂಡತಿ ಹ್ಯಾರಿಯೆಟ್ ಇಬ್ಬರೂ ಕೇರಿಯವರನ್ನ ಆರಿಸಿಕೊಂಡರು. ಇದನ್ನ ಸಣ್ಣದು ಅಂತ ತಳ್ಳಿಹಾಕಬೇಡಿ. ಮೊದಲು ಬ್ರಾಹ್ಮಣರನ್ನ ಒಲಿಸಿಕೊಂಡರೆ ಉಳಿದವರು ತಾವಾಗೇ ಬರ್ತಾರೆ ಅಂತ ಲೆಕ್ಕ ಹಾಕಿಕೊಂಡು ಎಷ್ಟೋ ವರ್ಷ ಕಳೆದ ಮಿಷನರಿಗಳು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು.

ಸೇರಿದವರಿಗೆ ಕ್ಲೌ ಇಟ್ಟ ನಿಯಮ ಮೂರು. ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜೆ ಮಾಡಬಾರದು. ಈ ಮೂರನ್ನ ಹಟ್ಟಿಯ ಕಡೆಯಿಂದ ನೋಡಿ. ವಾರದಲ್ಲಿ ಒಂದು ದಿನ ಬಿಟ್ಟಿ ಚಾಕರಿಗೆ ಬರಲ್ಲ, ಸತ್ತ ದನ ಹೊತ್ತು ತಂದು ಅದನ್ನೇ ಕೂಲಿ ಅಂತ ತಗೊಳ್ಳಲ್ಲ, ನಿಮ್ಮ ದೇವರ ಜಾತ್ರೆಗೆ ತಮಟೆ ಬಡಿಯಲ್ಲ. ಊರಿಗೆ ಕೇಳಿಸಿದ್ದು ಇದು! ಬಾವಿ ಮುಚ್ಚಿದರು, ಕೂಲಿ ಕಾಳು ನಿಲ್ಲಿಸಿದರು, ಹೊಡೆದರು. ಮಹಾಡಿನ ಕೆರೆ ಸತ್ಯಾಗ್ರಹ ನಡೆದ 1927ರಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟರಲ್ಲ, ಅದಕ್ಕೆ ಅರವತ್ತು ವರ್ಷ ಮುಂಚೆ ಒಂಗೋಲಿನ ಮಾದಿಗರು ಆ ಬೆಲೆ ತೆತ್ತಿದ್ದರು.

ಆಮೇಲೆ ಬಂತು ದೊಡ್ಡ ಬರ, 1876ರಿಂದ 78ರ ತನಕ. ನಮ್ಮ ಮೈಸೂರು ಸೀಮೆಯಲ್ಲಿ ಇದನ್ನೇ ಧಾತು-ಈಶ್ವರ ಬರ ಅಂತಾರೆ, ಆ ಎರಡು ಸಂವತ್ಸರಗಳ ಹೆಸರಲ್ಲಿ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ, ಕರ್ನೂಲು, ನೆಲ್ಲೂರು, ಎಲ್ಲ ಕಡೆ ಅದೇ ಹೆಣಗಳ ರಾಶಿ. ದೇಶದಿಂದ ಗೋಧಿ ಮಾತ್ರ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. 1877ರ ಜನವರಿ 1ಕ್ಕೆ ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಚಕ್ರವರ್ತಿನಿ ಅಂತ ಘೋಷಣೆಯಾಯ್ತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಬರ ಕಾಮಗಾರಿಯ ಕೂಲಿ ಕಡಿತ ಮಾಡಿದ. ದಿನವಿಡೀ ಅಗೆದ ಗಂಡಾಳಿಗೆ ಒಂದು ಪೌಂಡ್, ಅಂದ್ರೆ ಅರ್ಧ ಕೆಜಿಗೂ ಕಮ್ಮಿ ಧಾನ್ಯ, ಮೇಲೊಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಮ್ಮಿ. ಇದರಲ್ಲಿ ಜೀವ ಉಳಿಯಲ್ಲ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಅವರೇ ಜಗಳ ಆಡಿದರು.

ಮದ್ರಾಸ್ ಸರ್ಕಾರದ ಬರ ಕಾಮಗಾರಿಗಳಲ್ಲಿ ಒಂದು, ಕರಾವಳಿ ಉದ್ದಕ್ಕೂ ದೋಣಿ ಓಡಾಡೋ ಕಾಲುವೆ. ಆಗಿನ ಗವರ್ನರ್ ಹೆಸರಲ್ಲಿ ಅದು ಬಕಿಂಗ್‌ಹ್ಯಾಮ್ ಕಾಲುವೆ ಆಯ್ತು. ಕೂಲಿಗೆ ಹೋದ ಮಾದಿಗರಿಗೆ ಅಲ್ಲೂ ಜಾತಿ ಕಾದಿತ್ತು. ಮೇಸ್ತ್ರಿಗಳೆಲ್ಲ ಮೇಲ್ಜಾತಿಯವರು. ಬೈಗುಳ, ಹೊಡೆತ, ಕೊಡೋ ಚೂರು ಕೂಲಿಯಲ್ಲೂ ಕಳ್ಳತನ. ಬರ ಎಲ್ಲರನ್ನೂ ಸಮ ಮಾಡುತ್ತೆ ಅನ್ನೋರು ಇದನ್ನ ಓದಬೇಕು. ಹಸಿವಿಗೂ ನಮ್ಮ ದೇಶದಲ್ಲಿ ಜಾತಿ ಇದೆ.

ಆಗ ಕ್ಲೌ ಮಾಡಿದ ಕೆಲಸ ಪಾದ್ರಿಗಳು ಸಾಮಾನ್ಯವಾಗಿ ಮಾಡೋದಲ್ಲ. ಹಳೇ ಸರ್ವೆ ಕಸುಬು ನೆಚ್ಚಿಕೊಂಡು ಸರ್ಕಾರದಿಂದ ಸುಮಾರು ಮೂರೂವರೆ ಮೈಲಿ ಕಾಲುವೆ ತೋಡೋ ಕಂಟ್ರಾಕ್ಟು ಹಿಡಿದರು. ತಮ್ಮ ಮಾದಿಗ ಬೋಧಕರನ್ನೇ ಮೇಸ್ತ್ರಿಗಳನ್ನಾಗಿ ಮಾಡಿದರು. ಬಯಲಲ್ಲಿ ಗುಡಿಸಲುಗಳ ಊರು ಎದ್ದಿತು, ಸಾವಿರಾರು ಜನ ಬಂದರು. ಒಬ್ಬೊಬ್ಬ ಬೋಧಕರ ಕೈಕೆಳಗೆ ಒಂದೊಂದು ಗುಂಪು. ಗಂಡಸರು ಅಗೆದರೆ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಬಿಡುವಿನಲ್ಲಿ ಕೂತಾಗ ಬೋಧಕರು ದುಡಿದು ಸೋತವರಿಗೆ ಸಮಾಧಾನ ಹೇಳುವ ಯೇಸುವಿನ ಮಾತು ಹೇಳ್ತಿದ್ದರು.

ಆ ಜನರ ಬದುಕಿನಲ್ಲಿ ಇದು ಎಂಥ ಬದಲಾವಣೆ ಅಂತ ಯೋಚನೆ ಮಾಡಿ. ಮೇಲೆ ನಿಂತ ಮೇಸ್ತ್ರಿ ತಮ್ಮ ಕೇರಿಯವನೇ. ಬೈಯೋದಿಲ್ಲ, ದೂರ ನಿಲ್ಲು ಅನ್ನೋದಿಲ್ಲ. ವಾರದ ಕೊನೆಗೆ ಎಣಿಸಿದ ಕೂಲಿ ಪೂರ್ತಿ ಕೈಗೆ ಬೀಳುತ್ತೆ. ಶತಮಾನಗಳ ಬಿಟ್ಟಿ ಚಾಕರಿ ಕಂಡವರಿಗೆ ಪೂರ್ತಿ ಕೂಲಿಯೇ ಒಂದು ಸುವಾರ್ತೆ.

ಈಗ ‘ರೈಸ್ ಬ್ಯಾಗ್’ ಬಳಗ ಕಿವಿಗೊಡಬೇಕಾದ ಮಾತಿಗೆ ಬಂದೆ. ಬರ ಪರಿಹಾರ ನಡೆದ ಸುಮಾರು ಹದಿನೈದು ತಿಂಗಳು ಕ್ಲೌ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಜನ ಕೇಳ್ತಾನೇ ಇದ್ದರು, ಅವರು ಆಗಲ್ಲ ಅಂತಾನೇ ಇದ್ದರು. ಅನ್ನಕ್ಕಾಗಿ ಬಂದರು ಅನ್ನೋ ಮಾತು ಆ ಜನದ ಮೇಲೆ ಬರಬಾರದು ಅನ್ನೋದೇ ಕಾರಣ. 1878ರ ಮಧ್ಯದಲ್ಲಿ ಪರಿಹಾರದ ದುಡ್ಡು ಮುಗಿಯಿತು. ಇನ್ನು ಕೊಡೋಕೆ ಏನೂ ಇಲ್ಲ, ಮನೆಗೆ ಹೋಗಿ ಅಂತ ಬಂದವರಿಗೆ ಹೇಳಿದರು. ಜನ ಹೋಗಲಿಲ್ಲ. ಅಂಗೈ ಚಾಚಿ ಬೊಬ್ಬೆ ತೋರಿಸಿದರು. ನಾವು ದುಡಿದು ತಿಂದವರು, ನಿಮ್ಮ ಹತ್ತಿರ ಏನೂ ಬೇಡ, ಮುಂದಿನ ಬೆಳೆಯೂ ಕೈಕೊಟ್ಟು ಸತ್ತರೆ ಕ್ರೈಸ್ತರಾಗಿ ಸಾಯ್ತೀವಿ ಅನ್ನೋದು ಅವರ ಮಾತಿನ ತಾತ್ಪರ್ಯ.

1878ರ ಜುಲೈ 3ರಂದು ಗುಂಡ್ಲಕಮ್ಮ ನದಿ ದಂಡೆಯ ವೆಲ್ಲಂಪಲ್ಲಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ತಗೊಂಡರು. ಆ ವರ್ಷ ಮುಗಿಯೋ ಹೊತ್ತಿಗೆ ಒಂಬತ್ತು ಸಾವಿರಕ್ಕೂ ಹೆಚ್ಚು. ಮಿಷನ್ ಚರಿತ್ರೆಗಳಲ್ಲಿ ಈ ಅಂಕಿ ಕ್ಲೌ ಅವರ ಕೀರ್ತಿ ಅಂತ ಅಚ್ಚಾಗಿದೆ. ಆದರೆ ಆ ದಿನ ನೀರಿಗಿಳಿದು ದೀಕ್ಷೆ ಕೊಟ್ಟವರು ಕ್ಲೌ ಅಲ್ಲ. ಇಬ್ಬಿಬ್ಬರಾಗಿ ಸರದಿ ಮೇಲೆ ನಿಂತ ಆರು ಜನ ದೇಸಿ ಬೋಧಕರು. ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು?

ಕಾಲುವೆಯ ಕಥೆಯೂ ಅಷ್ಟೇ. ಹೆಸರು ಡ್ಯೂಕ್‌ನದು, ಕಂಟ್ರಾಕ್ಟು ಪಾದ್ರಿಯದು, ಬೆವರು ನಮ್ಮದು. 2004ರ ಸುನಾಮಿ ಬಂದಾಗ ಆಂಧ್ರ ಕರಾವಳಿಯಲ್ಲಿ ಇದೇ ಕಾಲುವೆ ಉಕ್ಕಿ ಬಂದ ಸಮುದ್ರದ ನೀರನ್ನ ತನ್ನೊಳಗೆ ತಗೊಂಡು ಎಷ್ಟೋ ಹಳ್ಳಿಗಳನ್ನ ಕಾಪಾಡಿತು ಅಂತ ವಿಜ್ಞಾನಿಗಳು ಬರೆದಿದ್ದಾರೆ. ಆ ಹಳ್ಳಿಗಳಲ್ಲಿ ಜೀವ ಉಳಿಸಿಕೊಂಡವರ ಪೈಕಿ ಬಾವಿ ಮುಚ್ಚಿದವರ ಮೊಮ್ಮಕ್ಕಳೂ ಇದ್ದಿರಬೇಕು. ಯಾರೂ ಅಲ್ಲಿ ಮೈಲಿಗೆ ಅನ್ನಲಿಲ್ಲ.

ಕ್ಲೌ ಅವರನ್ನ ದೇವರು ಮಾಡೋದು ನನ್ನ ಉದ್ದೇಶ ಅಲ್ಲ. ಕಂಟ್ರಾಕ್ಟು ಕೊಟ್ಟದ್ದು ಜನರನ್ನ ಹಸಿವಿಗೆ ಬಿಟ್ಟ ಸರ್ಕಾರವೇ. ಈ ಕಥೆಯಲ್ಲಿ ಹೆಚ್ಚಿನದನ್ನ ನಾವು ಓದೋದು ಅವರ ಆತ್ಮಕಥನದಿಂದ, ಮತ್ತೆ ಅವರ ಎರಡನೇ ಹೆಂಡತಿ ಎಮ್ಮಾ ರೌಶೆನ್‌ಬುಶ್ ಕ್ಲೌ 1899ರಲ್ಲಿ ಮಾದಿಗರ ಬಗ್ಗೆ ಬರೆದ ಪುಸ್ತಕದಿಂದ. ಮಿಷನರಿ ಬರೆದ ಚರಿತ್ರೆಯನ್ನ ಎಚ್ಚರದಿಂದಲೇ ಓದಬೇಕು. ಆಂಧ್ರದ ಚರ್ಚುಗಳಲ್ಲಿ ಮಾಲ-ಮಾದಿಗ ಭೇದ ಇವತ್ತಿಗೂ ಸತ್ತಿಲ್ಲ, ಅದನ್ನೂ ಹೇಳಲೇಬೇಕು. ಆದರೆ ನಮ್ಮವರನ್ನ ದಡ್ಡರು, ಆಸೆಬುರುಕರು ಅನ್ನೋ ಕಥೆಗೆ ಮಾತ್ರ ಈ ದಾಖಲೆ ಜಾಗ ಕೊಡಲ್ಲ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2022ರ ಕರ್ನಾಟಕದ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ ಅಂದ್ರೆ ಏನು ಅಂತ ಒಂದು ಪಟ್ಟಿಯೇ ಇದೆ. ಉಡುಗೊರೆ, ಹಣದ ಜೊತೆಗೆ ಉದ್ಯೋಗ, ಉಚಿತ ಶಿಕ್ಷಣ, ಒಳ್ಳೇ ಜೀವನಶೈಲಿ ಕೂಡ ಅದರಲ್ಲಿದೆ. ಮತಾಂತರ ಆದವರು ಪರಿಶಿಷ್ಟ ಜಾತಿಯವರಾಗಿದ್ರೆ ಶಿಕ್ಷೆ ಇನ್ನೂ ಜಾಸ್ತಿ. ಅಂದ್ರೆ ಹೆಂಗಸರು, ಅಪ್ರಾಪ್ತ ಮಕ್ಕಳ ಸಾಲಲ್ಲಿ ನಮ್ಮನ್ನೂ ನಿಲ್ಲಿಸಿ, ಇವರಿಗೆಲ್ಲ ಸ್ವಂತ ಬುದ್ಧಿ ಇಲ್ಲ ಅಂದ ಹಾಗಾಯ್ತು. ಈ ಕಾಯ್ದೆ ಕೈಯಲ್ಲಿ ಹಿಡಿದು 1877ರ ಕಾಲುವೆ ದಂಡೆಗೆ ಹೋಗಿ ನೋಡಿ. ಮಾದಿಗನಿಗೆ ಪೂರ್ತಿ ಕೂಲಿ ಕೊಟ್ಟದ್ದು ಆಮಿಷ ಆಗುತ್ತೆ. ಅವನ ಕೂಲಿ ಕದ್ದ ಮೇಸ್ತ್ರಿಯ ಹೆಸರು ಈ ಕಾಯ್ದೆಯಲ್ಲಿ ಎಲ್ಲೂ ಬರಲ್ಲ. ಕಾಯ್ದೆ ವಾಪಸ್ ತಗೋತೀವಿ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಆದರೆ ಆ ಪಟ್ಟಿ ಬರೆಸಿದ ಮನಸ್ಸನ್ನ ಯಾವ ಸಂಪುಟವೂ ವಾಪಸ್ ತಗೊಳ್ಳೋಕೆ ಆಗಲ್ಲ.

ಇನ್ನೊಂದು ಕಡೆ 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ. ಹಿಂದೂಗಳಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನ ಅಂದಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೆ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿದರು. ಆ ಕಾಲುವೆ ತೋಡಿದವರ ಮೊಮ್ಮಕ್ಕಳನ್ನ ಊರು ಇವತ್ತಿಗೂ ಮಾದಿಗರು ಅಂತಾನೇ ನೋಡುತ್ತೆ, ಕಾನೂನು ಮಾತ್ರ ನೀವು ಮಾದಿಗರಲ್ಲ ಅನ್ನುತ್ತೆ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಅವರಿಗೆ ಸಿಗದೇ ಹೋಗುತ್ತೆ.

ಗೆಳೆಯರೇ, ಇನ್ನೊಂದು ಸಲ ಯಾರಾದ್ರೂ ಅಕ್ಕಿ ಮೂಟೆಯ ಮಾತು ತೆಗೆದರೆ ಜಗಳಕ್ಕೆ ನಿಲ್ಲಬೇಡಿ. ಹದಿನೈದು ತಿಂಗಳು ಬಾಗಿಲು ಮುಚ್ಚಿತ್ತು, ಅಕ್ಕಿ ಮುಗಿದ ಮೇಲೆ ಜನ ಬಂದರು ಅಂತ ಹೇಳಿ. ಅವರು ಹುಡುಕಿಕೊಂಡು ಬಂದದ್ದು ಮರ್ಯಾದೆಯನ್ನ. ಅದನ್ನ ಕೊಡೋಕೆ ನಿಮ್ಮ ಊರಿಗೆ ಎಷ್ಟು ಶತಮಾನ ಬೇಕಿತ್ತು ಅಂತಲೂ ಕೇಳಿ.

ಜೈಭೀಮ್.