ಬೇರೆಯವರ ಗೋಡೆಗೆ ಅಂಟಿಸಿದ ಹಾಡು

ಊರಿಗೆ ನಾಟಕ ಕಂಪನಿ ಬಂದಾಗ ಪೋಸ್ಟರ್ ಅಂಟಿಸಲು ಒಳ್ಳೆಯ ಗೋಡೆ ಹುಡುಕುತ್ತಿದ್ದುದನ್ನು ನಾವು ನೋಡಿದ್ದೇವೆ. ಮನೆಯವರು ಸುಣ್ಣ ಹೊಡೆದರೆ ಪೋಸ್ಟರ್ ಹೋಯಿತು, ಕೇಳುವ ಹಾಗಿಲ್ಲ. ಅಮೆರಿಕದ ಸಂಗೀತಗಾರರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ.

2003ರಲ್ಲಿ ಶುರುವಾದ ಮೈಸ್ಪೇಸ್‌ನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದ ತಂಡಗಳು ತಮ್ಮ ಹಾಡು ಹಾಕಿ, ಕೇಳುಗರನ್ನು ತಾವೇ ಹುಡುಕಿಕೊಂಡವು. ಪುಟದೊಳಗೆ ಎಚ್‌ಟಿಎಂಎಲ್ ಕೋಡ್ ಅಂಟಿಸಲು ಅವಕಾಶವಿತ್ತು. ಬರೆಯಲು ಬರದಿದ್ದರೂ ಬೇರೆ ಕಡೆಯಿಂದ ಕಾಪಿ ಮಾಡಿ ತಂದರೆ ಸಾಕು. ಈ ಸಂದಿಯಲ್ಲಿ ಡೆವಲಪರ್‌ಗಳು ನುಗ್ಗಿದರು. ಹಾಡು ಕೇಳಿಸುವ, ಕಾರ್ಯಕ್ರಮದ ದಿನಾಂಕ ತೋರಿಸುವ, ಹಾಡು ಮಾರುವ ಪುಟ್ಟ ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಅದಕ್ಕೆ ವಿಜೆಟ್ ಅಂತ ಹೆಸರು.

ಸುಣ್ಣ ಬಳಿಯುವುದು ಶುರುವಾಗಲು ತಡವಾಗಲಿಲ್ಲ. ಟಿಲಾ ಟಕೀಲಾ ಮೈಸ್ಪೇಸ್‌ನಿಂದಲೇ ಹೆಸರಾದವರು. 2007ರಲ್ಲಿ ತಮ್ಮ ಪುಟದಲ್ಲಿ ಹೂಕಾ ಎಂಬ ವಿಜೆಟ್ ಇಟ್ಟು ಹಾಡು ಮಾರಲು ಹೊರಟರು. ಮೈಸ್ಪೇಸ್ ಅದನ್ನು ತೆಗೆಸಿತು. ಹಾಡು ಮಾರಾಟಕ್ಕೆ ಅದು ಆಗಲೇ ಸ್ನೋಕ್ಯಾಪ್ ಎಂಬ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿತ್ತು. ಜನ ಬಂದದ್ದು ಆಕೆಯ ಹೆಸರಿಗೆ, ಅಂಗಡಿ ಯಾರದಿರಬೇಕು ಎಂದು ಹೇಳಿದ್ದು ಜಾಗದ ಯಜಮಾನ.

ಅದೇ ವರ್ಷ ಮೇ 24ರಂದು ಫೇಸ್‌ಬುಕ್ ತನ್ನ ಎಪಿಐಯನ್ನು ಹೊರಗಿನವರಿಗೆ ದೊಡ್ಡದಾಗಿ ತೆರೆಯಿತು. ಎಪಿಐ ಅಂದರೆ, ತಾಣದ ಒಳಗಿನ ಮಾಹಿತಿಯನ್ನು ಹೊರಗಿನ ತಂತ್ರಾಂಶ ಕೇಳಿ ಪಡೆಯಲು ಬಿಟ್ಟ ಕಿಂಡಿ. ಕಿಂಡಿ ಎಷ್ಟು ಅಗಲ, ಯಾವಾಗ ಮುಚ್ಚಬೇಕು ಎನ್ನುವುದು ಒಳಗಿನವರಿಗೆ ಬಿಟ್ಟದ್ದು. ಸಿಯಾಟಲ್‌ನ ಐಲೈಕ್ ಆವತ್ತಿಗೇ ಆ್ಯಪ್ ಸಿದ್ಧ ಮಾಡಿಕೊಂಡಿತ್ತು. ಅಲಿ ಮತ್ತು ಹಾದಿ ಪಾರ್ಟೋವಿ ಎಂಬ ಅವಳಿ ಸೋದರರ ಕಂಪನಿ ಅದು. ಗೆಳೆಯರು ಯಾರ ಹಾಡು ಕೇಳುತ್ತಾರೆ, ಯಾವ ಕಾರ್ಯಕ್ರಮಕ್ಕೆ ಹೋಗುತ್ತಾರೆ ಎಂದು ತೋರಿಸುವುದು ಅದರ ಕೆಲಸ. ಜನ ಯಾವ ಪರಿ ಮುಗಿಬಿದ್ದರೆಂದರೆ, ಇದ್ದ ಸರ್ವರ್ ಸಾಲದೆ ಬೇರೆ ಕಂಪನಿಗಳಿಂದ ಎರವಲು ತರಬೇಕಾಯಿತು. ಎರಡು ವರ್ಷದ ಮೇಲೆ ಐಲೈಕ್ ಅನ್ನು ಕೊಂಡದ್ದು ಮೈಸ್ಪೇಸ್!

ನಮಗೆ ಹೆಚ್ಚು ಕಾಡುವುದು ಬ್ಯಾಂಡ್‌ಪೇಜ್ ಕಥೆ. ಸ್ಯಾನ್ ಫ್ರಾನ್ಸಿಸ್ಕೋದ ಈ ಕಂಪನಿಯ ಮೊದಲ ಹೆಸರು ರೂಟ್‌ಮ್ಯೂಸಿಕ್. ಕೋಡ್ ಗೊತ್ತಿಲ್ಲದ ಹಾಡುಗಾರನೂ ಫೇಸ್‌ಬುಕ್ ಪುಟದಲ್ಲಿ ಹಾಡು, ಚಿತ್ರ, ಕಾರ್ಯಕ್ರಮಪಟ್ಟಿ ಜೋಡಿಸಿಡಲು ಅದು ಸಲಕರಣೆ ಕೊಟ್ಟಿತು. ಹೊಸಬರು ಪುಟಕ್ಕೆ ಬಂದರೆ ಮೊದಲು ಕಾಣುವಂತೆ ಅದನ್ನು ಇಟ್ಟುಕೊಳ್ಳಬಹುದಿತ್ತು. 2012ರ ಮಾರ್ಚ್ ಕೊನೆಗೆ ಫೇಸ್‌ಬುಕ್ ಎಲ್ಲ ಪುಟಗಳಿಗೂ ಟೈಮ್‌ಲೈನ್ ರೂಪ ಕಡ್ಡಾಯ ಮಾಡಿತು, ಮೊದಲು ತೆರೆಯುವ ಪುಟವನ್ನು ಆರಿಸಿಕೊಳ್ಳುವ ಸೌಲಭ್ಯ ತೆಗೆಯಿತು. ಬ್ಯಾಂಡ್‌ಪೇಜ್ ಮೇಲೆ ದ್ವೇಷವಿತ್ತು ಅಂತ ನಮಗನಿಸುವುದಿಲ್ಲ. ಆದರೆ ಅಂಗಡಿಯ ಮುಂಬಾಗಿಲು ಹಿತ್ತಿಲಿಗೆ ಹೋಯಿತು, ಗಿರಾಕಿ ಕರಗಿದರು. ಕಂಪನಿ ಫೇಸ್‌ಬುಕ್ ಆಚೆ ದಾರಿ ಹುಡುಕಿತು, ಕೊನೆಗೆ 2016ರಲ್ಲಿ ಯೂಟ್ಯೂಬ್ ಪಾಲಾಯಿತು.

2008ರಲ್ಲಿ ಬಂದ ಬ್ಯಾಂಡ್‌ಕ್ಯಾಂಪ್ ಮಾತ್ರ ಒಂದು ವಿಷಯದಲ್ಲಿ ಬೇರೆ. ಹಾಡು ಕೊಂಡವರು ಒಪ್ಪಿದರೆ ಅವರ ಇಮೇಲ್ ವಿಳಾಸ ಕಲಾವಿದರ ಕೈಗೇ ಸೇರುತ್ತದೆ. ತಾಣ ಬದಲಾದರೂ ಆ ಪಟ್ಟಿ ಹಾಡುಗಾರನ ಹತ್ತಿರ ಉಳಿಯುತ್ತದೆ.

ಇನ್ನು ಮೈಸ್ಪೇಸ್‌ನಲ್ಲಿದ್ದ ಹಾಡುಗಳು. ಸರ್ವರ್ ಬದಲಿಸುವಾಗ ಹಳೆಯ ಫೈಲುಗಳೆಲ್ಲ ಹೋಗಿವೆ ಎಂಬುದು 2019ರ ಮಾರ್ಚ್‌ನಲ್ಲಿ ಸುದ್ದಿಯಾಯಿತು. 2003ರಿಂದ 2015ರವರೆಗೆ ಜನ ಹಾಕಿದ್ದ ಸಂಗೀತ, ಸುಮಾರು 5 ಕೋಟಿ ಹಾಡು ಎಂದು ಪತ್ರಿಕೆಗಳು ಬರೆದವು. ನಮಗೂ ಇದರ ರುಚಿ ಗೊತ್ತು. ಒಂದು ಸುದ್ದಿತಾಣಕ್ಕೆ ಬರೆದ ವರದಿಗಳು ತಾಣ ಮುಚ್ಚಿದ ದಿನವೇ ಮಾಯವಾದವು. ನಮ್ಮ ಹತ್ತಿರ ಪ್ರತಿ ಇರಲಿಲ್ಲ.

ಮುಂದಿನ ತಿಂಗಳು ಇಂಟರ್ನೆಟ್ ಆರ್ಕೈವ್ ಸುಮಾರು 4 ಲಕ್ಷ 90 ಸಾವಿರ ಹಾಡುಗಳನ್ನು ಮತ್ತೆ ಕೇಳುವಂತೆ ಮಾಡಿತು. ಅವು ಮೈಸ್ಪೇಸ್ ಕೊಟ್ಟವಲ್ಲ. ಸಂಗೀತ ಜಾಲಗಳ ಅಧ್ಯಯನಕ್ಕೆಂದು ಯಾರೋ ಸಂಶೋಧಕರು ಹತ್ತು ವರ್ಷದ ಹಿಂದೆ ಇಳಿಸಿಟ್ಟುಕೊಂಡಿದ್ದವು.